ಕೇಳುವ ಕಿವಿಗೆ ಎಷ್ಟು ಅಂಕ?



ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ಕೆಳಗಿನ ಖಾನೆಯಲ್ಲೋ ಹಳೆಯ ಧ್ವನಿಸುರುಳಿಗಳ ಒಂದು ಡಬ್ಬಿ ಇನ್ನೂ ಉಳಿದಿರಬಹುದು. ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷಗಳಾಗಿದ್ದರೂ ಅವನ್ನು ಎಸೆಯಲು ಮನಸ್ಸು ಬಂದಿರುವುದಿಲ್ಲ. ಸುರುಳಿ ಸಡಿಲವಾದಾಗ ಪೆನ್ಸಿಲ್ ತೂರಿಸಿ ಬಿಗಿ ಮಾಡಿದ್ದು, ಒಂದು ಬದಿ ಮುಗಿದೊಡನೆ ಎದ್ದು ಇನ್ನೊಂದು ಬದಿಗೆ ಮಗುಚಿ ಹಾಕಿದ್ದು ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ನಿಮ್ಮಲ್ಲಿ ಒಂದು ಪ್ರಶ್ನೆ. ಅಂತಹ ಒಂದು ಧ್ವನಿಸುರುಳಿಯನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಏಳದೆ, ಮನೆಮಂದಿಯೊಡನೆ ಕುಳಿತು ನೀವು ಕೇಳಿ ಎಷ್ಟು ವರ್ಷಗಳಾದವು?

ಈ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರವಿದೆ. ಕೆಲವು ವರ್ಷಗಳಿಂದ ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಹನ್ನೊಂದು ಮಂದಿ ನಾವು ವಾರಕ್ಕೊಮ್ಮೆ ಒಂದು ಇಡೀ ಆಲ್ಬಮನ್ನು ಕೇಳಿ, ಅದಕ್ಕೆ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದೇವೆ. ಆ ಅಂಕಗಳಿಂದ ನನಗೆ ಹಾಡುಗಳ ವಿಷಯ ಒಂದಿಷ್ಟು ತಿಳಿಯಿತು. ನನ್ನ ವಿಷಯ ಅದಕ್ಕಿಂತ ಹೆಚ್ಚು ತಿಳಿಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ಇದು ಆರಂಭವಾದದ್ದು 2020ರಲ್ಲಿ. ಮಾರ್ಚ್ ತಿಂಗಳ ಕೊನೆಯಲ್ಲಿ ದೇವಾಲಯದ ಬಾಗಿಲು ಮುಚ್ಚಿತು. ಜೂನ್ 8ರಿಂದ ಆರಾಧನೆಗೆ ಅನುಮತಿ ದೊರೆತರೂ ಜನ ದೂರ ದೂರ ಕುಳಿತುಕೊಳ್ಳಬೇಕಿತ್ತು, ಗಾನವೃಂದ ಒಂದೆಡೆ ನಿಂತು ಹಾಡುವಂತಿರಲಿಲ್ಲ. ನಾನಿದ್ದದ್ದು ಚಳ್ಳಕೆರೆಯಲ್ಲಿ. ಮೊಳಕಾಲ್ಮೂರಿನ ಕೆಲವೇ ಕುಟುಂಬಗಳಿಗೆ ತಿಂಗಳಿಗೊಮ್ಮೆ ಹೋಗಿ ಬಲಿಪೂಜೆ ಅರ್ಪಿಸುತ್ತಿದ್ದೆ. ತಳಕಿನ ಮೇಲೆ ಹಾದುಹೋಗುವ ಆ ದಾರಿ ಬಸ್ಸಿನಲ್ಲಿ ಒಂದು ಗಂಟೆಗೂ ಮೀರಿದ್ದು. ಬಸ್ಸೇ ನಿಂತುಹೋದ ಆ ದಿನಗಳಲ್ಲಿ ಎರಡು ಊರುಗಳ ನಡುವೆ ಉಳಿದ ಸೇತುವೆ ಮೊಬೈಲ್ ಒಂದೇ. “ಹಾಡಲಂತೂ ಆಗುವುದಿಲ್ಲ, ಒಟ್ಟಿಗೆ ಕೇಳಬಹುದಲ್ಲ” ಎಂದು ಸೂಚಿಸಿದವರು ನಮ್ಮ ಗಾನವೃಂದದ ಹಿರಿಯರೂ ನಿವೃತ್ತ ಶಿಕ್ಷಕರೂ ಆದ ಒಬ್ಬರು. ನಾವೆಲ್ಲ ಅವರನ್ನು ಮೇಷ್ಟ್ರೆಂದೇ ಕರೆಯುತ್ತೇವೆ.

ಹನ್ನೊಂದು ಮಂದಿಯಲ್ಲಿ ಶೇಂಗಾ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರಿದ್ದರು, ಬೆಂಗಳೂರಿನಲ್ಲಿ ಕೆಲಸ ಹಿಡಿದು ಊರಿಗೆ ಮರಳಿದ ಇಬ್ಬರು ತರುಣರಿದ್ದರು, ಗೊಲ್ಲರಹಟ್ಟಿಯಿಂದ ಬಂದು ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗನಿದ್ದ. ಮೊಳಕಾಲ್ಮೂರಿನಿಂದ ಒಬ್ಬ ನರ್ಸ್ ತಾಯಿ, ಅವರ ಮಗಳು, ಅವರ ನೆರೆಮನೆಯ ರೇಷ್ಮೆ ಸೀರೆಯ ನೇಕಾರರು. ಎಲ್ಲರೂ ನಮ್ಮ ಸಭೆಯವರಲ್ಲ. ಸಂಗೀತಕ್ಕೆ ಆ ಲೆಕ್ಕ ಬೇಕಾಗಲೂ ಇಲ್ಲ. ನಿಯಮಗಳು ಮೂರೇ. ಶನಿವಾರ ರಾತ್ರಿ 8 ಗಂಟೆಗೆ ಎಲ್ಲರೂ ಅವರವರ ಮನೆಯಲ್ಲಿ ಒಂದೇ ಆಲ್ಬಮನ್ನು ಆರಂಭಿಸಬೇಕು. ಮುಗಿಯುವವರೆಗೆ ಯಾರೂ ಮಾತನಾಡಬಾರದು, ಒಂದು ಹಾಡನ್ನೂ ಹಾರಿಸಬಾರದು. ಮುಗಿದ ಮೇಲೆ ಹತ್ತಕ್ಕೆ ಅಂಕ ಕೊಟ್ಟು, ಆ ಅಂಕಕ್ಕೆ ಕಾರಣವನ್ನು ಮೂರು ವಾಕ್ಯಗಳಲ್ಲಿ ಹೇಳಬೇಕು. ಮೇಷ್ಟ್ರು ಅವೆಲ್ಲವನ್ನೂ ಒಂದು ಉದ್ದನೆಯ ರಿಜಿಸ್ಟರಿನಲ್ಲಿ, ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು, ಬರೆದಿಡುತ್ತ ಬಂದರು.

ಹಾಡುಗಳಿಗೆ ಗುಂಪಾಗಿ ಅಂಕ ಹಾಕುವುದು ಹೊಸ ವಿಷಯವೇನಲ್ಲ. ನನ್ನ ಬಾಲ್ಯ ಕಳೆದದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಸೈರನ್ನಿನ ಸದ್ದಿನ ನಡುವೆ. ಬುಧವಾರ ರಾತ್ರಿ 8 ಗಂಟೆಗೆ ಬೀದಿಯ ಅರ್ಧ ಜನ ಒಂದೇ ರೇಡಿಯೋದ ಮುಂದೆ ಸೇರುತ್ತಿದ್ದರು. ರೇಡಿಯೋ ಸಿಲೋನಿನಲ್ಲಿ 1952ರ ಡಿಸೆಂಬರ್‌ನಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ಕಾರ್ಯಕ್ರಮದ ಹೊತ್ತು ಅದು. ಅಮೀನ್ ಸಯಾನಿಯವರು ಹಿಂದಿ ಚಿತ್ರಗೀತೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಕೊನೆಗೆ ಆ ವಾರದ ಮೊದಲ ಸ್ಥಾನದ ಹಾಡನ್ನು ಕೇಳಿಸುತ್ತಿದ್ದರು. ಆ ಸ್ಥಾನಗಳನ್ನು ನಿರ್ಧರಿಸಲು ಗ್ರಾಮಫೋನ್ ತಟ್ಟೆಗಳ ಮಾರಾಟದ ಜೊತೆಗೆ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಗಣಿಸುತ್ತಿದ್ದರು. ಹಿಂದಿ ಅರ್ಧಂಬರ್ಧ ತಿಳಿಯುತ್ತಿದ್ದ ನಮ್ಮ ಬೀದಿಯ ದೊಡ್ಡವರೂ ನೋಟುಪುಸ್ತಕದಲ್ಲಿ ತಮ್ಮದೇ ಪಟ್ಟಿ ಬರೆದಿಟ್ಟುಕೊಂಡು, ಸಯಾನಿಯವರ ಪಟ್ಟಿಯೊಡನೆ ಹೋಲಿಸಿ ವಾದಕ್ಕೆ ಇಳಿಯುತ್ತಿದ್ದರು. 2024ರ ಫೆಬ್ರವರಿಯಲ್ಲಿ ಸಯಾನಿಯವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ನೆನಪಾದದ್ದು ಹಾಡುಗಳಿಗಿಂತ ಹೆಚ್ಚಾಗಿ ಆ ವಾದ. ಒಂದೇ ಹಾಡನ್ನು ಒಂದೇ ಕ್ಷಣದಲ್ಲಿ ಕೇಳಿದವರು ಅದನ್ನು ಬೇರೆ ಬೇರೆಯಾಗಿ ಕೇಳಿದ್ದರು!

ಬಿಡಿ ಹಾಡಿಗೂ ಇಡೀ ಆಲ್ಬಮಿಗೂ ವ್ಯತ್ಯಾಸವಿದೆ. 1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೆ ತುಸು ಹೆಚ್ಚಿನ ಸಂಗೀತ ಹಿಡಿಯುತ್ತಿತ್ತು. 1963ರಲ್ಲಿ ಬಂದ ಕ್ಯಾಸೆಟ್ಟಿನ ಬದಿಗೆ ಸಾಮಾನ್ಯವಾಗಿ ಅರ್ಧ ಗಂಟೆ. ಅಷ್ಟು ಹೊತ್ತಿನಲ್ಲಿ ಯಾವುದು ಮೊದಲು, ಯಾವುದು ನಂತರ, ಯಾವುದರಿಂದ ಮುಗಿಸಬೇಕು ಎಂಬುದನ್ನು ಯಾರೋ ಕುಳಿತು ಯೋಚಿಸಿರುತ್ತಾರೆ. ನಮಗೆ ಬೇಕಾದ ಹಾಡನ್ನು ಮಾತ್ರ ಆರಿಸಿ ಕೇಳುವಾಗ ನಾವು ಯಜಮಾನರು. ಇಡೀ ಆಲ್ಬಮ್ ಕೇಳುವಾಗ ನಾವು ಅತಿಥಿಗಳು. ಬಡಿಸಿದ ಕ್ರಮದಲ್ಲಿ ಉಣ್ಣಬೇಕು, ಇಷ್ಟವಿಲ್ಲದ ಪಲ್ಯವನ್ನೂ ಒಮ್ಮೆ ಬಾಯಿಗಿಡಬೇಕು.

ನಾವು ಮೊದಲು ಕೇಳಿದ್ದು ‘ನಿತ್ಯೋತ್ಸವ’. ಕೆ.ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಈ ಧ್ವನಿಸುರುಳಿ 1978ರಲ್ಲಿ ಹೊರಬಂದಾಗ ಕನ್ನಡ ಭಾವಗೀತೆಗಳು ಮನೆಮನೆಗೆ ಹೋಗುವ ಹೊಸ ದಾರಿಯೊಂದು ತೆರೆಯಿತು. ನಿಸಾರ್ ಅವರು 2020ರ ಮೇ 3ರಂದು ತೀರಿಕೊಂಡಿದ್ದರಿಂದ ಅದರಿಂದಲೇ ಆರಂಭಿಸುವುದು ಉಚಿತವೆನಿಸಿತು. ಆಮೇಲೆ ಸಿ. ಅಶ್ವತ್ಥರ ಕಂಠದಲ್ಲಿ ಶಿಶುನಾಳ ಶರೀಫರ ತತ್ವಪದಗಳು, ಭೀಮಸೇನ ಜೋಶಿಯವರ ದಾಸವಾಣಿ, ರತ್ನಮಾಲಾ ಪ್ರಕಾಶರ ಭಾವಗೀತೆಗಳು, ನಮ್ಮದೇ ಭಕ್ತಿಗೀತೆಗಳ ಹಳೆಯ ಧ್ವನಿಸುರುಳಿಗಳು ಹೀಗೆ ಸಾಲು ಬೆಳೆಯಿತು.

ಅಂಕ ಕೊಡುವುದರಲ್ಲಿ ಒಬ್ಬೊಬ್ಬರದು ಒಂದೊಂದು ಸ್ವಭಾವ. ಗಿರಣಿಯ ಲೆಕ್ಕಿಗರು ಅರ್ಧ ಅಂಕವನ್ನೂ ಬಿಡದೆ ಆರೂವರೆ, ಏಳೂವರೆ ಎನ್ನುತ್ತಿದ್ದರು. ನೇಕಾರರು ಆರಕ್ಕಿಂತ ಕೆಳಗೆ ಇಳಿದವರೇ ಅಲ್ಲ. ಕಾರಣ ಕೇಳಿದಾಗ ಅವರು ಹೇಳಿದ್ದು ಇದು: “ಒಂದು ಎಳೆ ತಪ್ಪಿದ್ರೆ ತಪ್ಪಿದೆ ಅಂತೀನಿ ಸ್ವಾಮಿ. ಇಡೀ ಸೀರೆಗೇ ಮೂರು, ನಾಲ್ಕು ಅನ್ನೋಕೆ ನನಗೆ ಬಾಯಿ ಬರಲ್ಲ. ಎಷ್ಟು ದಿನ ಮಗ್ಗದಲ್ಲಿ ಕೂತಿದ್ದಾರೋ ಏನೋ.” ಗೊಲ್ಲರಹಟ್ಟಿಯ ಹುಡುಗನಿಗೆ ಅಂಕವೆಂಬುದೇ ವಿಚಿತ್ರವಾಗಿ ಕಂಡಿತ್ತು. ನಮ್ಮ ಚಳ್ಳಕೆರೆ ತಾಲ್ಲೂಕಿನವರೇ ಆದ ನಾಡೋಜ ಸಿರಿಯಜ್ಜಿಯವರನ್ನು ನೀವು ಬಲ್ಲಿರಿ. ಓದುಬರಹ ಅರಿಯದ ಆ ಕಾಡುಗೊಲ್ಲ ತಾಯಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಹೊತ್ತು ಬಾಳಿದರು. ಅವರ ಪದಗಳನ್ನು ಕೇಳಿ ಬೆಳೆದ ಈ ಹುಡುಗ ಹೇಳಿದ: “ನಮ್ಮಲ್ಲಿ ಒಬ್ಬರು ಸೊಲ್ಲು ಎತ್ತಿದ್ರೆ ಉಳಿದವರು ಹಿಡೀಬೇಕು ಫಾದರ್. ಹಿಡಿಯೋಕೆ ಆಯ್ತು ಅಂದ್ರೆ ಕೇಳಿಸಿದೆ ಅಂತ ಅರ್ಥ. ಅದೇ ಅಂಕ.” ಆ ಮಾತು ಆಗ ನನಗೆ ಪೂರ್ತಿ ಹಿಡಿಸಲಿಲ್ಲ.

ಹಿಡಿಸದಿರಲು ಕಾರಣ ನನ್ನೊಳಗಿನ ಒಂದು ಹೆಮ್ಮೆ. ಗುರುಮಠದ ದಿನಗಳಲ್ಲಿ ನಾನು ಸಂಗೀತವನ್ನು ಶ್ರದ್ಧೆಯಿಂದ ಕಲಿತಿದ್ದೆ. ಗ್ರೆಗೋರಿಯನ್ ಗಾಯನ, ಹಾರ್ಮೋನಿಯಂ, ಒಂದಿಷ್ಟು ಹಿಂದೂಸ್ತಾನಿ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ತನ್ನ ಆರಾಧನಾ ಸಂವಿಧಾನದಲ್ಲಿ ಆಯಾ ಜನಾಂಗದ ಸಂಗೀತಕ್ಕೆ ಸಲ್ಲಬೇಕಾದ ಗೌರವವನ್ನು ಎತ್ತಿ ಹೇಳಿದ ಮೇಲೆ, ಕನ್ನಡದ ರಾಗಗಳು ನಮ್ಮ ದೇವಾಲಯಗಳಿಗೆ ಬಂದ ಕಾಲದ ಉತ್ಸಾಹ ಇನ್ನೂ ಆರಿರಲಿಲ್ಲ. ಹೋದ ಧರ್ಮಕೇಂದ್ರಗಳಲ್ಲೆಲ್ಲ ಗಾನವೃಂದವನ್ನು ನಾನೇ ತಿದ್ದಿದ್ದೆ. ಈ ಹನ್ನೊಂದು ಮಂದಿಯಲ್ಲಿ ಕಿವಿ ತಿಳಿದವನು ನಾನೇ ಎಂಬ ಭಾವನೆ ನನ್ನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ನನ್ನ ಮೂರು ವಾಕ್ಯಗಳು ಮಾತ್ರ ಯಾವಾಗಲೂ ತೀರ್ಪಿನಂತೆ ಇರುತ್ತಿದ್ದವು.

2022ರ ಮೇ 10ರಂದು ಸಂತೂರ್ ವಾದಕ ಶಿವಕುಮಾರ ಶರ್ಮಾ ಅವರು ನಿಧನರಾದರು. ಆ ವಾರ ಆಲ್ಬಮ್ ಆರಿಸುವ ಸರದಿ ಮೊಳಕಾಲ್ಮೂರಿನ ನರ್ಸ್ ತಾಯಿಯ ಮಗಳದು. ಅವಳು ಆರಿಸಿದ್ದು 1967ರ ‘ಕಾಲ್ ಆಫ್ ದ ವ್ಯಾಲಿ’. ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜಭೂಷಣ ಕಾಬ್ರಾ ಅವರ ಗಿಟಾರ್ ಸೇರಿ ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನವನ್ನು ಬೆಳಗಿನಿಂದ ಇರುಳಿನವರೆಗೆ ರಾಗಗಳಲ್ಲಿ ಹೇಳುವ ಕೃತಿ ಅದು. ಕುರಿಮಂದೆಗಳ, ಕಂಬಳಿಯ ನಾಡಾದ ನಮಗೆ ಅದಕ್ಕಿಂತ ಹತ್ತಿರದ ವಸ್ತು ಬೇರೆಯಿಲ್ಲ. ನಾನು ಆ ಕೃತಿಯನ್ನು ಗುರುಮಠದಲ್ಲಿದ್ದಾಗ ಒಮ್ಮೆ ಕೇಳಿ ಮೆಚ್ಚಿದ್ದೆ. ಈ ಸಲ ಕೇಳಿ ಮುಗಿಸಿ ಬರೆದೆ: “ಸಂತೂರ್ ಕಂಬಳಿ ಹೊದಿಸಿ ನುಡಿಸಿದಂತಿದೆ. ಧ್ವನಿಮುದ್ರಣ ತೀರ ಹಳೆಯದು. ಹತ್ತಕ್ಕೆ ನಾಲ್ಕು.”

ಆ ಹುಡುಗಿ ಒಂಬತ್ತು ಕೊಟ್ಟಿದ್ದಳು. ಮಳೆ ನಿಂತ ಮೇಲೆ ತಗಡಿನ ಸೂರಿನಿಂದ ಒಂದೊಂದೇ ಹನಿ ಬೀಳುವಂತೆ ಸಂತೂರ್ ಕೇಳಿಸುತ್ತದೆ, ಪ್ರತಿ ಹನಿಯ ತುದಿಯಲ್ಲೂ ಒಂದು ಸಣ್ಣ ಮಿಂಚು ಉಳಿಯುತ್ತದೆ ಎಂದು ಬರೆದಿದ್ದಳು. ಮೇಷ್ಟ್ರಿಗೆ ಆ ಮಿಂಚು ಕೇಳಿಸಿತ್ತು. ಲೆಕ್ಕಿಗರಿಗೆ ಕೇಳಿಸಿತ್ತು. ನೇಕಾರರಂತೂ ಜರಿಯ ಎಳೆಗೆ ಬೆಳಕು ಬಿದ್ದಂತಾಯಿತು ಎಂದಿದ್ದರು. ಹತ್ತು ಮಂದಿಗೆ ಕೇಳಿಸಿದ್ದು ನನಗೊಬ್ಬನಿಗೆ ಕೇಳಿಸಿರಲಿಲ್ಲ. ಆಗ ನಾನು ಮಾಡಿದ್ದೇನು ಬಲ್ಲಿರಾ? ಆ ಕಾಲದ ಧ್ವನಿಮುದ್ರಣದ ಕೊರತೆಗಳ ಬಗ್ಗೆ ಒಂದು ದೀರ್ಘ ವಿವರಣೆ ಬರೆದು ಕಳುಹಿಸಿದೆ. ಯಾರೂ ಉತ್ತರಿಸಲಿಲ್ಲ. ಗುರುಗಳೊಡನೆ ವಾದ ಮಾಡಬಾರದೆಂಬ ಸೌಜನ್ಯವದು.

ಮಂಗಳವಾರ ಸಂಜೆ ಮೇಷ್ಟ್ರು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಚಹಾ ಕುಡಿದರು. ಮಳೆಯ ಮಾತು, ಶೇಂಗಾ ಬೆಲೆಯ ಮಾತು ಮುಗಿದವು. ಆಮೇಲೆ ಪುಸ್ತಕ ಬಿಚ್ಚಿ, “ಸ್ವಾಮಿ, ಪೆನ್ಸಿಲ್ ಚುಕ್ಕೆ ಇಟ್ಟಿರೋ ಕಡೆ ಒಮ್ಮೆ ಕಣ್ಣಾಡಿಸಿ” ಎಂದರು. ಆ ಹೊತ್ತಿಗೆ ನಾವು 82 ಆಲ್ಬಮ್‌ಗಳನ್ನು ಕೇಳಿದ್ದೆವು. ನನ್ನ ಹೆಸರಿನ ಮುಂದೆ 19 ಕಡೆ ಚುಕ್ಕೆಗಳಿದ್ದವು. “ಸಾಹಿತ್ಯ ಸ್ಪಷ್ಟವಿಲ್ಲ.” “ಅಕ್ಷರಗಳನ್ನು ನುಂಗಿದ್ದಾರೆ.” “ಉಚ್ಚಾರಣೆ ಸಾಲದು.” ನನ್ನವೇ ಮಾತುಗಳು. ಅವುಗಳಲ್ಲಿ 16 ಕಡೆ ಹಾಡಿದವರು ಹೆಂಗಸರು ಇಲ್ಲವೆ ಮಕ್ಕಳು. ಭೀಮಸೇನ ಜೋಶಿಯವರಿಗೆ ಒಂಬತ್ತು ಕೊಟ್ಟಿದ್ದೆ, ಅಶ್ವತ್ಥರಿಗೆ ಒಂಬತ್ತು. ಉಳಿದ ಹತ್ತು ಮಂದಿಯಲ್ಲಿ ಒಬ್ಬರೂ ಆ 16 ಕಡೆ ಉಚ್ಚಾರಣೆಯ ದೋಷ ಹೇಳಿರಲಿಲ್ಲ.

ನಾನು ತಲೆಯೆತ್ತಿದಾಗ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. “ನಮ್ಮ ಮನೆಯವಳಿಗೂ ಮೊದಲು ಹೀಗೇ ಆಗಿದ್ದು ಸ್ವಾಮಿ. ನನ್ನ ಮಾತು ಕೇಳಿಸ್ತಿತ್ತು. ಮೊಮ್ಮಕ್ಕಳ ಮಾತು ಕೇಳಿಸ್ತಿರಲಿಲ್ಲ. ಮಕ್ಕಳು ಸರಿಯಾಗಿ ಮಾತಾಡಲ್ಲ ಅಂತ ಎರಡು ವರ್ಷ ಅವುಗಳ ಮೇಲೇ ರೇಗಿದಳು.” ಅಷ್ಟು ಹೇಳಿ ರಿಜಿಸ್ಟರ್ ಮಡಚಿಕೊಂಡು ಹೊರಟುಹೋದರು.

ಹದಿನೈದು ದಿನಗಳ ಬಳಿಕ ನನ್ನ ಶ್ರವಣ ಪರೀಕ್ಷೆ ನಡೆಯಿತು. ಸದ್ದು ಒಳಬಾರದ ಒಂದು ಪುಟ್ಟ ಕೋಣೆಯಲ್ಲಿ ಕುಳ್ಳಿರಿಸಿ, ಕಿವಿಗೆ ಸಾಧನ ತೊಡಿಸಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ತಗ್ಗಿನ ಸ್ವರಗಳಿಗೆ ತಡೆಯಿಲ್ಲದೆ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಪರೀಕ್ಷೆ ಮುಗಿಯಿತೆಂದೇ ಭಾವಿಸಿದ್ದೆ. ಗಾಜಿನ ಆಚೆ ಕುಳಿತ ತರುಣಿ ಮಾತ್ರ ಇನ್ನೂ ಸ್ವರಗಳನ್ನು ಕಳುಹಿಸುತ್ತಲೇ ಇದ್ದಳು. ಕೊನೆಗೆ ಅವಳು ತೋರಿಸಿದ ನಕ್ಷೆಯಲ್ಲಿ ನನ್ನ ಗೆರೆ 1,000 ಹರ್ಟ್ಸ್‌ವರೆಗೆ ಸಮತಟ್ಟಾಗಿ ಬಂದು, 2,000ದ ಬಳಿ ಬಾಗಿ, 4,000 ಹರ್ಟ್ಸ್‌ನಲ್ಲಿ 60 ಡೆಸಿಬೆಲ್‌ಗಳಷ್ಟು ಆಳಕ್ಕೆ ಇಳಿದಿತ್ತು.

ಇದು ನನ್ನೊಬ್ಬನ ಕಥೆಯಲ್ಲವಾದ್ದರಿಂದ ತುಸು ವಿವರಿಸುತ್ತೇನೆ. ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ನಾಳವಿದೆ. ಅದರೊಳಗೆ ಸಾವಿರಾರು ರೋಮಕೋಶಗಳು ಸಾಲಾಗಿ ನಿಂತಿವೆ. ನಾಳದ ಬುಡದ ಕೋಶಗಳು ಎತ್ತರದ ಸ್ವರಗಳನ್ನೂ ತುದಿಯವು ತಗ್ಗಿನ ಸ್ವರಗಳನ್ನೂ ಗ್ರಹಿಸುತ್ತವೆ. ವಯಸ್ಸಿನೊಡನೆ, ಸದ್ದಿನೊಡನೆ, ಸಾಮಾನ್ಯವಾಗಿ ಬುಡದವು ಮೊದಲು ಸವೆಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಚಿಗುರುವುದಿಲ್ಲ. ಅ, ಆ, ಓ ಮೊದಲಾದ ಸ್ವರಾಕ್ಷರಗಳ ಬಲ ತಗ್ಗಿನಲ್ಲಿದೆ. ಸ, ಶ, ತ, ಥ ಮುಂತಾದ ವ್ಯಂಜನಗಳ ಗುರುತು ಎತ್ತರದಲ್ಲಿದೆ. ಹೀಗಾಗಿ ಮಾತಿನ ಸದ್ದು ಮಾಮೂಲಿನಂತೆ ಕೇಳಿಸುತ್ತದೆ, ಮಾತು ಮಾತ್ರ ಅಳಿಸಿಹೋಗಿರುತ್ತದೆ. ಕೇಳುವವನಿಗೆ ತಾನು ಕಿವುಡನೆಂದು ಅನಿಸುವುದೇ ಇಲ್ಲ; ಎದುರಿನವರು ಗೊಣಗುತ್ತಿದ್ದಾರೆ ಎನಿಸುತ್ತದೆ. ಸಂತೂರಿನ ಆ ಮಿಂಚು ಇರುವುದೂ ಎತ್ತರದ ಅನುರಣನಗಳಲ್ಲೇ. ನೋವಿಲ್ಲ, ಊತವಿಲ್ಲ, ಹೋಲಿಸಿ ನೋಡಲು ಇನ್ನೊಂದು ಕಿವಿಯಿಲ್ಲ. ಒಬ್ಬನೇ ಕೇಳುತ್ತಿದ್ದರೆ ನನಗೆ ಇದು ಇನ್ನೂ ಹತ್ತು ವರ್ಷ ತಿಳಿಯುತ್ತಿರಲಿಲ್ಲ.

ಆ ನಕ್ಷೆಯನ್ನು ಹಿಡಿದು ಮನೆಗೆ ಬರುವಾಗ ನನ್ನನ್ನು ಕಾಡಿದ್ದು ಎರಡು ವಿಷಯಗಳು.

ಮೊದಲನೆಯದು ಪಾಪನಿವೇದನೆಯ ಪೀಠ. ಜನ ಅಲ್ಲಿ ಪಿಸುಮಾತಿನಲ್ಲಿ ಹೇಳುತ್ತಾರೆ. 2020ರ ನಂತರವಂತೂ ಬಾಯಿಗೆ ಮುಖಗವಸು ಇರುತ್ತಿತ್ತು, ತುಟಿಯ ಚಲನೆಯೂ ಕಾಣುತ್ತಿರಲಿಲ್ಲ. ಆ ಮಂದ ಧ್ವನಿಗೆ ನಾನು ಮುಖಗವಸನ್ನೇ ದೂರುತ್ತಿದ್ದೆ. ಅಳುಕುತ್ತ ಬಂದವರನ್ನು “ಇನ್ನೊಮ್ಮೆ ಹೇಳಿ” ಎಂದು ಕೇಳಲು ಸಂಕೋಚವಾಗಿ, ಕೇಳಿಸದ ಮಾತಿಗೂ ಕೇಳಿದಂತೆ ಎಷ್ಟು ಸಲ ತಲೆಯಾಡಿಸಿದೆನೋ! ದೇವರ ಕಿವಿ ಮಂದವಲ್ಲ, ನನಗೆ ತಪ್ಪಿದ್ದು ಅವರಿಗೆ ತಪ್ಪಿಲ್ಲ ಎಂಬ ನಂಬಿಕೆ ನನಗಿದೆ. ಆದರೂ ಒಬ್ಬ ಮನುಷ್ಯ ಕೇಳುತ್ತಿದ್ದಾನೆಂಬ ಭರವಸೆಯಿಂದ ಬಂದವರಿಗೆ ಆ ಮನುಷ್ಯ ಬಾಕಿ ಉಳಿಸಿಕೊಂಡದ್ದು ಬಾಕಿಯೇ.

ಎರಡನೆಯದು ಸಂತೂರಿಗೆ ಒಂಬತ್ತು ಕೊಟ್ಟ ಆ ಹುಡುಗಿ. ಅವಳ ಧ್ವನಿ ತೆಳುವಾದದ್ದು, ಎತ್ತರದ್ದು. 2021ರ ಆರಂಭದ ಒಂದು ಭಾನುವಾರ ಅವಳು ಚಳ್ಳಕೆರೆಗೆ ಬಂದು, ಮುಖಗವಸು ಧರಿಸಿಯೇ, ಬಲಿಪೂಜೆಯಲ್ಲಿ ಕೀರ್ತನೆ ಹಾಡಿದ್ದಳು. ಪೂಜೆಯ ನಂತರ ಗಾನವೃಂದದ ಎದುರಿಗೇ ನಾನು ಹೇಳಿದ್ದೆ: “ದೇವರ ವಾಕ್ಯವನ್ನು ಹೀಗೆ ನುಂಗಬಾರದಮ್ಮ, ಒಂದಕ್ಷರವೂ ತಿಳಿಯಲಿಲ್ಲ.” ಅವಳು ತಲೆ ತಗ್ಗಿಸಿದ್ದಳು. ಮತ್ತೆಂದೂ ಕೀರ್ತನೆ ಹಾಡಲು ಮುಂದೆ ಬರಲಿಲ್ಲ. ಕಾಲೇಜಿನ ಓದು ಹೆಚ್ಚಾಗಿರಬೇಕೆಂದು ನಾನು ಸುಮ್ಮನಾಗಿದ್ದೆ.

ಮುಂದಿನ ತಿಂಗಳು ಮೊಳಕಾಲ್ಮೂರಿಗೆ ಹೋದಾಗ ಬಲಿಪೂಜೆಯ ನಂತರ, ಅಂದು ಎದುರಿಗಿದ್ದವರಲ್ಲಿ ಕೆಲವರಾದರೂ ಇರಲೆಂದು ಮೇಷ್ಟ್ರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು, ಅವರ ಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ನಕ್ಷೆಯನ್ನು ಅವಳ ಕೈಗೆ ಕೊಟ್ಟೆ. “ಅಕ್ಷರ ನುಂಗಿದ್ದು ನೀನಲ್ಲ ಮಗಳೇ, ನನ್ನ ಕಿವಿ. ತಪ್ಪಾಯಿತು” ಎಂದೆ. ಅವಳು ಬಹಳ ಹೊತ್ತು ನಕ್ಷೆಯನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ನನಗೆ ಹಾಡೋಕೆ ಬರಲ್ಲ ಅಂತಲೇ ಅಂದ್ಕೊಂಡಿದ್ದೆ ಫಾದರ್. ಕಾಲೇಜಲ್ಲಿ ಕೇಳಿದಾಗಲೂ ಬರಲ್ಲ ಅಂತ ಹೇಳಿಬಿಟ್ಟೆ.”

ಓದುಗರೇ, ನಾವು ಕೊಡುವ ಅಂಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಮಗೆ ತಿಳಿದಿರುವುದಿಲ್ಲ. ಧ್ವನಿಸುರುಳಿಗೆ ಕೊಟ್ಟ ನಾಲ್ಕು ಒಂದು ರಿಜಿಸ್ಟರಿನಲ್ಲಿ ಕುಳಿತಿರುತ್ತದೆ, ಯಾರನ್ನೂ ನೋಯಿಸುವುದಿಲ್ಲ. ಮಗುವಿಗೆ ಕೊಟ್ಟ ನಾಲ್ಕನ್ನು ಆ ಮಗು ಹೊತ್ತು ತಿರುಗುತ್ತದೆ.

ಅದೇ ವರ್ಷದ ಕೊನೆಯಲ್ಲಿ ನಮ್ಮ ಹನ್ನೊಂದು ಮಂದಿ ಮೊದಲ ಬಾರಿಗೆ ಒಟ್ಟಿಗೆ ಪ್ರವಾಸ ಹೋದೆವು. ಹೆಚ್ಚು ದೂರಕ್ಕಲ್ಲ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಗೆ. ಅಶೋಕ ಚಕ್ರವರ್ತಿಯ ಬಂಡೆ ಶಾಸನ ಅಲ್ಲಿರುವುದು ನಿಮಗೆ ಗೊತ್ತಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಪ್ರಾಕೃತ ಬರಹದಲ್ಲಿ ತಂದೆತಾಯಿಗಳ, ಗುರುಹಿರಿಯರ ಬಗೆಗಿನ ನಡತೆಯನ್ನು ಹೇಳುವ ಕಡೆ ಒಂದು ಪದ ಬರುತ್ತದೆ. ಸಂಸ್ಕೃತದಲ್ಲಿ ಅದು ಶುಶ್ರೂಷೆ. ಮೇಷ್ಟ್ರು ವ್ಯಾಕರಣ ಬಲ್ಲವರು. “ಶ್ರು ಅಂದರೆ ಕೇಳು. ಶುಶ್ರೂಷೆ ಅಂದರೆ ಮೂಲದಲ್ಲಿ ಕೇಳಬೇಕೆಂಬ ಆಸೆ” ಎಂದು ಬಿಡಿಸಿ ಹೇಳಿದರು. ನರ್ಸ್ ತಾಯಿ ನಕ್ಕು, “ಹಾಗಾದರೆ ನಾವು ಆಸ್ಪತ್ರೇಲಿ ಮಾಡೋದೆಲ್ಲ ಕೇಳೋ ಕೆಲಸವೇ ಅನ್ನಿ” ಎಂದರು.

ನನಗೆ ಗುರುಮಠದ ಲ್ಯಾಟಿನ್ ಪಾಠ ನೆನಪಾಯಿತು. ಅಲ್ಲಿಯೂ ವಿಧೇಯತೆ ಎಂಬ ಪದ ಕೇಳು ಎಂಬ ಧಾತುವಿನಿಂದಲೇ ಹುಟ್ಟಿದ್ದು. ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಕನ್ನಡದಲ್ಲಿ ಮಾತು ಕೇಳುವ ಮಗು ಎಂದರೇನು? ನಾನು ಅಭಿಷಿಕ್ತನಾದ ದಿನ ವಿಧೇಯತೆಯ ಮಾತು ಕೊಟ್ಟಿದ್ದೆ. ಮೇಲಿನವರ ಮಾತು ಕೇಳುವುದಷ್ಟೇ ಅದರ ಅರ್ಥವೆಂದು ಇಷ್ಟು ವರ್ಷ ತಿಳಿದಿದ್ದೆ. ಕೆಳದನಿಯವರ, ತೆಳುದನಿಯವರ, ಪಿಸುದನಿಯವರ ಮಾತನ್ನು ಕೇಳಬೇಕೆಂಬ ಆಸೆಯೂ ಅದರಲ್ಲೇ ಸೇರಿದೆ ಎಂಬುದು ಆ ಬಂಡೆಯ ಮುಂದೆ ನಿಂತಾಗ ಹೊಳೆಯಿತು.

ಸಂತ ಮಾರ್ಕನು ಬರೆದ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವುಡನೊಬ್ಬನನ್ನು ಪ್ರಭು ಯೇಸು ಗುಣಪಡಿಸುವ ಪ್ರಸಂಗವಿದೆ. ‘ಎಪ್ಫಥಾ’ ಎಂಬ ಆ ಪದವನ್ನು ದೀಕ್ಷಾಸ್ನಾನದಲ್ಲಿ ಎಷ್ಟೋ ಶಿಶುಗಳ ಕಿವಿ ಮುಟ್ಟಿ ನಾನೇ ಉಚ್ಚರಿಸಿದ್ದೇನೆ. ಆ ಪ್ರಸಂಗದಲ್ಲಿ ನಾನು ಗಮನಿಸದೆ ಬಿಟ್ಟಿದ್ದ ಒಂದು ವಿವರವಿದೆ. ಆ ಮನುಷ್ಯ ತಾನಾಗಿ ಬರಲಿಲ್ಲ. ಯಾರೋ ಅವನನ್ನು ಕರೆತಂದರು. ಅವರ ಹೆಸರು ಅಲ್ಲಿಲ್ಲ. ನನ್ನ ಪಾಲಿಗೆ ಕರೆತಂದವರು ಒಬ್ಬ ಮೇಷ್ಟ್ರು, ಅವರ ಪೆನ್ಸಿಲ್ ಚುಕ್ಕೆಗಳು.

ಈಗ ನನ್ನ ಎರಡೂ ಕಿವಿಗಳಲ್ಲಿ ಶ್ರವಣ ಸಾಧನಗಳಿವೆ. ಅವು ಹೋದ ಕೋಶಗಳನ್ನು ಮರಳಿ ತರುವುದಿಲ್ಲ. ಮೊದಲ ವಾರ ಪುಟ ತಿರುವಿದರೂ ಗುಡುಗಿನಂತಾಗುತ್ತಿತ್ತು, ಪಾತ್ರೆಯ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ನಿಧಾನವಾಗಿ ಒಗ್ಗಿತು. ಪಾಪನಿವೇದನೆಗೆ ಈಗ ಸದ್ದಿಲ್ಲದ ಕೋಣೆಯಲ್ಲಿ, ಹತ್ತಿರ ಕುಳಿತುಕೊಳ್ಳುತ್ತೇನೆ. ಕೇಳಿಸದಿದ್ದರೆ ಕೇಳಿಸಲಿಲ್ಲವೆಂದು ಹೇಳುತ್ತೇನೆ. ಇದರಿಂದ ಯಾರೂ ಬೇಸರಪಟ್ಟದ್ದನ್ನು ಕಂಡಿಲ್ಲ.

ನಿಮ್ಮಲ್ಲಿ ನನ್ನ ಬಿನ್ನಹ ಎರಡೇ. ಮನೆಯಲ್ಲಿ ಐವತ್ತು ದಾಟಿದವರು ಟಿವಿಯ ಸದ್ದು ಏರಿಸುತ್ತಿದ್ದರೆ, ಮಕ್ಕಳ ಮಾತು ತಿಳಿಯುವುದಿಲ್ಲವೆಂದು ರೇಗುತ್ತಿದ್ದರೆ, ಅವರನ್ನು ನಗೆಯಾಡದೆ ಪರೀಕ್ಷೆಗೆ ಕರೆದೊಯ್ಯಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ಕೆಲಸ ಮಾಡುತ್ತ ಬಂದಿದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಕಿವಿಯ ವೈದ್ಯರನ್ನು ಕಾಣಬಹುದು. ಇನ್ನೊಂದು, ವಾರಕ್ಕೆ ಒಂದು ಸಂಜೆ ಮನೆಯವರೆಲ್ಲ ಒಂದೇ ಸಂಗೀತವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿರಿ. ಅಂಕವನ್ನೂ ಕೊಡಿ, ಅದರಲ್ಲಿ ತಪ್ಪಿಲ್ಲ. ಕೊಟ್ಟ ಮೇಲೆ, ನಿಮಗೆ ಕೇಳಿಸದೆ ಪಕ್ಕದವರಿಗೆ ಕೇಳಿಸಿದ್ದು ಏನೆಂದು ವಿಚಾರಿಸಿರಿ.

‘ಕಾಲ್ ಆಫ್ ದ ವ್ಯಾಲಿ’ಯನ್ನು ನನ್ನ ಕೋರಿಕೆಯಂತೆ ನಾವು ಮತ್ತೊಮ್ಮೆ ಕೇಳಿದೆವು. ತಗಡಿನ ಸೂರಿನ ಹನಿ ನನಗೂ ಕೇಳಿಸಿತು. ಅದರ ತುದಿಯ ಮಿಂಚು ಸ್ವಲ್ಪವೇ ಕೇಳಿಸಿತು. ಎಂಟು ಕೊಟ್ಟು, ಹಳೆಯ ನಾಲ್ಕನ್ನು ಹೊಡೆದುಹಾಕುವಂತೆ ಮೇಷ್ಟ್ರನ್ನು ಕೇಳಿಕೊಂಡೆ. ಅವರು ಒಪ್ಪಲಿಲ್ಲ. “ಅದು ಇರಲಿ ಸ್ವಾಮಿ, ಅದೂ ಲೆಕ್ಕವೇ” ಎಂದು ಪಕ್ಕದಲ್ಲಿ ಎಂಟನ್ನು ಬರೆದರು.

ಆ ಹುಡುಗಿ ಈಗ ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗ ಗಾನವೃಂದದ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರೊಡನೆ ಹಾಡುತ್ತಾಳೆ. ಕೀರ್ತನೆಗೆ ಒಬ್ಬಳೇ ಮುಂದೆ ಬಂದಿಲ್ಲ. ನಾನು ಒತ್ತಾಯಿಸಿಲ್ಲ. ಅವಳು ಬರುವ ದಿನಕ್ಕೆ ಕಿವಿಗಳನ್ನು ಸಿದ್ಧವಿಟ್ಟುಕೊಂಡು ಕಾಯುವುದಷ್ಟೇ ನನಗೆ ಉಳಿದಿರುವ ಕೆಲಸ.